ಬಾಂದುಕಲ್ಲಿಲ್ಲದ ಹೊಳೆ

ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ನನಗೆ ಮೊದಲು ಬೇಕಾಗುವುದು ಅದರ ವಿಸ್ತೀರ್ಣ. ಸರ್ವೆ ಇಲಾಖೆಯಲ್ಲಿ ಜೀವ ಸವೆಸಿದವನ ಚಾಳಿ ಅದು. ಲಕ್ಸೆಂಬರ್ಗ್ ಸುತ್ತಿಬರೋಣ ಎಂದು ಮಗಳು ಹೇಳಿದಾಗ ನನ್ನ ಹೆಂಡತಿ ‘ಅಲ್ಲೇನಿದೆ?’ ಎಂದಳು, ನಾನು ‘ಎಷ್ಟಿದೆ?’ ಎಂದೆ. 2,586 ಚದರ ಕಿಲೋಮೀಟರ್. ನಮ್ಮ ತುಮಕೂರು ಜಿಲ್ಲೆ 10,597. ನಾಲ್ಕು ಲಕ್ಸೆಂಬರ್ಗುಗಳನ್ನು ಜಿಲ್ಲೆಯೊಳಗೆ ಕೂರಿಸಿದ ಮೇಲೂ ಒಂದಿಷ್ಟು ಖರಾಬು ಮಿಗುತ್ತದೆ. ಬಡಗಣದಿಂದ ತೆಂಕಣಕ್ಕೆ 82 ಕಿಲೋಮೀಟರ್, ಅಡ್ಡಕ್ಕೆ 57. ಜನ ಆರೂವರೆ ಲಕ್ಷ. ಇಷ್ಟಕ್ಕೆ ಒಬ್ಬ ದೊರೆ, ಒಂದು ಪಾರ್ಲಿಮೆಂಟು, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿ.

‘ಎರಡೂವರೆ ತಾಲ್ಲೂಕು’ ಎಂದೆ. ‘ಹಾಗಾದ್ರೆ ಮಧ್ಯಾಹ್ನದ ಹೊತ್ತಿಗೆ ವಾಪಸು ಬರಬಹುದು’ ಎಂದಳು ನನ್ನ ಹೆಂಡತಿ. ಪ್ಯಾರಿಸ್ ನೋಡುವ ಆಸೆ ಅವಳಿಗೆ. ಎರಡೂವರೆ ತಾಲ್ಲೂಕಿಗಾಗಿ ಅದನ್ನು ಮುಂದೂಡುತ್ತಿದ್ದೇವೆ ಎಂಬ ಸಿಟ್ಟು ಕಡೆಯವರೆಗೂ ಪೂರ್ತಿ ಇಳಿಯಲಿಲ್ಲ.

ಇದು 2023ರ ಬೇಸಿಗೆಯ ಮಾತು. ಮಗಳು ಅಳಿಯ ಇರುವುದು ಜರ್ಮನಿಯ ಟ್ರಿಯರ್‌ನಲ್ಲಿ. ರೋಮನ್ನರು ಕಟ್ಟಿದ ಕಪ್ಪಿಟ್ಟ ಕಲ್ಲಿನ ಹೆಬ್ಬಾಗಿಲು ಇನ್ನೂ ನಿಂತಿರುವ, ಕಾರ್ಲ್ ಮಾರ್ಕ್ಸ್ ಹುಟ್ಟಿದ ಊರು. ಅಳಿಯನ ಕೆಲಸ ಅಲ್ಲೇ. ಮಗಳದ್ದು ಲಕ್ಸೆಂಬರ್ಗ್ ನಗರದಲ್ಲಿ. ಬೆಳಿಗ್ಗೆ ತಿಂಡಿ ತಿಂದು ಒಂದು ದೇಶದಿಂದ ಹೊರಡುತ್ತಾಳೆ, ಇನ್ನೊಂದು ದೇಶದಲ್ಲಿ ಕಂಪ್ಯೂಟರ್ ತೆರೆಯುತ್ತಾಳೆ, ಸಂಜೆ ಮಗುವನ್ನು ಶಿಶುವಿಹಾರದಿಂದ ಕರೆತರುವ ಹೊತ್ತಿಗೆ ಮೊದಲಿನ ದೇಶಕ್ಕೆ ಬಂದಿರುತ್ತಾಳೆ. ಲಕ್ಸೆಂಬರ್ಗ್‌ನಲ್ಲೇ ಮನೆ ಮಾಡಬಾರದೇ ಎಂದರೆ, ‘ಅಲ್ಲಿನ ಬಾಡಿಗೆ ಕೇಳಿದ್ರೆ ನೀವು ಇಲ್ಲೇ ಕೂತುಬಿಡ್ತೀರ ಅಪ್ಪ’ ಎನ್ನುತ್ತಾಳೆ. ಹೀಗೆ ದಿನವೂ ಗಡಿ ದಾಟಿ ಆ ಪುಟ್ಟ ದೇಶಕ್ಕೆ ದುಡಿಯಲು ಬರುವವರು ಎರಡು ಲಕ್ಷಕ್ಕೂ ಹೆಚ್ಚು. ಆರೂವರೆ ಲಕ್ಷ ಜನರಿರುವ ಕಡೆ ಎರಡು ಲಕ್ಷ ಹೊರಗಿನ ಕೂಲಿ, ಅದೂ ರಾತ್ರಿ ಉಳಿಯದ ಕೂಲಿ! ಒಳಗೆ ನೆಲೆಸಿರುವವರಲ್ಲೂ ಅರ್ಧದ ಹತ್ತಿರ ಹತ್ತಿರ ಪರದೇಶದವರೇ.

ಅವಳು ದಿನಾ ದಾಟುವ ಗಡಿಯನ್ನು ನಾವು ಒಂದೇ ಸಲ ದಾಟುವುದಕ್ಕೆ ಬೆಂಗಳೂರಿನಲ್ಲಿ ಏನೇನು ಕೊಟ್ಟಿದ್ದೆವು ಎಂಬುದನ್ನು ಹೇಳದಿದ್ದರೆ ಈ ಕಥೆ ಅರ್ಧವೇ. ಪಿಂಚಣಿ ಆದೇಶ, ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿ, ಆದಾಯ ತೆರಿಗೆ ಕಾಗದ, ಮನೆ ಕಂದಾಯದ ರಸೀತಿ, ತೋಟದ ಪಹಣಿ, ಮಗಳು ಕಳಿಸಿದ ಹೊಣೆಗಾರಿಕೆ ಪತ್ರ, 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ವಿಮೆ, ಮುಖ ಇಷ್ಟೇ ದೊಡ್ಡದಾಗಿ ಕಾಣಬೇಕೆಂಬ ಫೋಟೋ, ತಲೆಗೆ 80 ಯೂರೋ ಶುಲ್ಕ. ತೆಂಗಿನ ತೋಟ ಇರುವವನು ವಾಪಸು ಬಂದೇ ಬರುತ್ತಾನೆ ಎಂಬುದು ಪಹಣಿಯ ಹಿಂದಿನ ತರ್ಕ. ಅದು ನನಗೂ ಒಪ್ಪಿಗೆಯೇ. ಬೆರಳಚ್ಚಿನ ಯಂತ್ರದ ಮುಂದೆ ನನ್ನ ಹೆಂಡತಿಯ ಹೆಬ್ಬೆರಳು ಮೂಡಲಿಲ್ಲ. ಪಾತ್ರೆ ತಿಕ್ಕಿ, ತೆಂಗಿನಕಾಯಿ ತುರಿದು ಸವೆದ ಗೆರೆ. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ, ಮತ್ತೆ ಒರೆಸಿ, ಅಂತೂ ಯಂತ್ರವನ್ನು ಒಪ್ಪಿಸಿದಳು. ತಾಲ್ಲೂಕು ಕಚೇರಿಯಲ್ಲಿ ಮೇಜಿನ ಈಚೆ ಕಡೆ ಕೂತು ‘ಮ್ಯುಟೇಶನ್ ಪ್ರತಿ ಎಲ್ಲಿ, ವಂಶವೃಕ್ಷ ಎಲ್ಲಿ’ ಎಂದು ಕೇಳುತ್ತಿದ್ದವನಿಗೆ ಮೇಜಿನ ಆಚೆ ಕಡೆಯ ಕುರ್ಚಿ ಹೇಗಿರುತ್ತದೆ ಎಂದು ಆ ದಿನ ಚೆನ್ನಾಗಿ ಗೊತ್ತಾಯಿತು. ಅಂತೂ ಪಾಸ್‌ಪೋರ್ಟಿನಲ್ಲಿ ಒಂದು ಚೀಟಿ ಅಂಟಿಸಿ ಕೊಟ್ಟರು: ಷೆಂಗೆನ್ ವೀಸಾ. ಅದು ಯಾವುದೋ ಕಾನೂನಿನ ಹೆಸರು ಅಂದುಕೊಂಡಿದ್ದೆ. ಊರಿನ ಹೆಸರು, ಅದೂ ಮಗಳ ಮನೆಯಿಂದ ಗಂಟೆಯೊಳಗಿನ ದಾರಿ ಎಂದು ತಿಳಿದದ್ದು ಟ್ರಿಯರ್‌ಗೆ ಹೋದ ಮೇಲೆ.

ಶನಿವಾರ ಬೆಳಿಗ್ಗೆ ಅಳಿಯ ಕಾರು ತೆಗೆದ. ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರನ್ನ ನನ್ನ ಹೆಂಡತಿಯ ಕಾಲಬುಡದಲ್ಲಿ. ಮೊಸೆಲ್ ನದಿಯ ಪಕ್ಕದಲ್ಲೇ ದಾರಿ, ಗುಡ್ಡದ ತುಂಬ ದ್ರಾಕ್ಷಿ. ಸೌವರ್ ಎಂಬ ಸಣ್ಣ ಹೊಳೆ ಮೊಸೆಲ್‌ಗೆ ಬಂದು ಬೀಳುವಲ್ಲಿ ಒಂದು ಸೇತುವೆ. ಅದರಾಚೆ ವಾಸರ್‌ಬಿಲಿಗ್. ಗಡಿ ಬಂದಾಗ ಹೇಳು ಎಂದು ಮೊದಲೇ ಹೇಳಿಟ್ಟಿದ್ದೆ. ‘ದಾಟಿ ಆಯ್ತು ಮಾವ’ ಎಂದ. ತಡೆಗೋಲಿಲ್ಲ, ಪೊಲೀಸರಿಲ್ಲ. ಹೊಳೆಯಾಚೆ ಒಂದು ನೀಲಿ ಹಲಗೆ, ಅದರಲ್ಲಿ ನಕ್ಷತ್ರಗಳ ಬಳೆ, ಒಳಗೆ ದೇಶದ ಹೆಸರು. ನನ್ನ ಫೋನು ಮಾತ್ರ ಟಿಂಗ್ ಎಂದು ಹೊಸ ದೇಶಕ್ಕೆ ಸ್ವಾಗತ ಹೇಳಿತು.

ಆದರೆ ಗಡಿ ಎಲ್ಲಿದೆ ಎಂದು ಕಣ್ಣಿದ್ದವನಿಗೆ ತಿಳಿಯದೆ ಹೋಗುವುದಿಲ್ಲ. ಸೇತುವೆ ಇಳಿದದ್ದೇ ತಡ, ರಸ್ತೆಯ ಎರಡೂ ಕಡೆ ಪೆಟ್ರೋಲ್ ಬಂಕುಗಳು. ಒಂದರ ಪಕ್ಕ ಒಂದು, ಎದುರಿಗೆ ಇನ್ನೊಂದು. ಪ್ರತಿಯೊಂದರ ಮುಂದೆಯೂ ಜರ್ಮನ್ ನಂಬರ್ ಪ್ಲೇಟಿನ ಕಾರುಗಳ ಸಾಲು. ಲಕ್ಸೆಂಬರ್ಗ್‌ನಲ್ಲಿ ತೆರಿಗೆ ಕಡಿಮೆ, ಹಾಗಾಗಿ ಪೆಟ್ರೋಲ್ ಅಗ್ಗ. ಸಿಗರೇಟು, ಕಾಫಿಪುಡಿ ಕೂಡ. ಟ್ಯಾಂಕು ತುಂಬಿಸಿ, ಡಿಕ್ಕಿಯಲ್ಲಿ ಕಾಫಿಪುಡಿಯ ಪೊಟ್ಟಣ ಹೇರಿಕೊಂಡು ಜನ ವಾಪಸು ಹೊಳೆ ದಾಟುತ್ತಾರೆ. ನಮ್ಮ ಅಳಿಯನೂ ಸಾಲಿನಲ್ಲಿ ನಿಂತ. ತಡೆಗೋಲು ಕಿತ್ತುಹಾಕಿ ಎಷ್ಟೋ ವರ್ಷ ಆದರೂ ಬಂಕುಗಳ ಸಾಲನ್ನು ಹಿಡಿದು ಸರ್ವೆ ಮಾಡಿದರೆ ಗಡಿಯ ನಕ್ಷೆ ಸರಿಯಾಗಿಯೇ ಬರೆಯಬಹುದು.

ರಾಜಧಾನಿ ಇರುವುದು ಕಮರಿಯ ಅಂಚಿನ ಮೇಲೆ. ಚಪ್ಪಟೆ ಊರು ಅಂದುಕೊಂಡು ನಡೆಯುತ್ತಿದ್ದರೆ ಒಂದು ತಿರುವಿನಲ್ಲಿ ನೆಲವೇ ಮುಗಿದು, ಕೆಳಗೆ ಆಳದಲ್ಲಿ ಇನ್ನೊಂದು ಊರು ಕಾಣುತ್ತದೆ: ಆಲ್ಜೆಟ್ ಹೊಳೆ, ಅದರ ದಂಡೆಯ ಬೂದು ಚಾವಣಿಗಳು, ಚರ್ಚಿನ ಗೋಪುರ, ಯಾರದೋ ತರಕಾರಿ ಮಡಿ. ಮೇಲಿನ ಊರಿನಿಂದ ಕೆಳಗಿನ ಊರಿನ ಗೋಪುರದ ತುದಿಯನ್ನು ಬಗ್ಗಿ ನೋಡಬೇಕು. ಅಲ್ಲಿ ಬಾಕ್ ಎಂಬ ಬಂಡೆಯ ಮೂಗು ಕಮರಿಯೊಳಕ್ಕೆ ಚಾಚಿಕೊಂಡಿದೆ. 963ರಲ್ಲಿ ಸೀಗ್‌ಫ್ರೀಡ್ ಎಂಬ ಪಾಳೆಯಗಾರ ವಿನಿಮಯದಲ್ಲಿ ಪಡೆದ ಪುಟ್ಟ ಕೋಟೆಯ ಜಾಗ ಅದು. ಇವತ್ತಿಗೂ ದೇಶದ ಹುಟ್ಟನ್ನು ಆ ವರ್ಷದಿಂದಲೇ ಎಣಿಸುತ್ತಾರೆ. ಒಂದು ದೇಶಕ್ಕೆ ಮೂಲ ದಸ್ತಾವೇಜು ಇರುವುದು ಎಂಥ ಪುಣ್ಯ!

ಆಮೇಲೆ ಬಂದವರೆಲ್ಲ ಆ ಕೋಟೆಯನ್ನು ಬಲಪಡಿಸಿದರು. ಬರ್ಗಂಡಿಯವರು, ಸ್ಪೇನಿನವರು, ಫ್ರೆಂಚರು, ಆಸ್ಟ್ರಿಯದವರು, ಕಡೆಗೆ ಪ್ರಷ್ಯದ ದಂಡು. ಬಂಡೆಯೊಳಗೆ ಸುರಂಗ ಕೊರೆಯುವುದನ್ನು ಸ್ಪೇನಿನವರು 1644ರಲ್ಲಿ ಶುರು ಮಾಡಿದರು. 1684ರಲ್ಲಿ ಊರು ಹಿಡಿದ ಹದಿನಾಲ್ಕನೇ ಲೂಯಿಯ ಎಂಜಿನಿಯರ್ ವೋಬಾನ್ ಕೋಟೆಯನ್ನು ಇನ್ನೂ ಬೆಳೆಸಿದ. ಒಟ್ಟು 23 ಕಿಲೋಮೀಟರ್ ಸುರಂಗ. ‘ಉತ್ತರದ ಜಿಬ್ರಾಲ್ಟರ್’ ಎಂದು ಹೆಸರು. ಕೋಟೆ ಗಟ್ಟಿಯಾದಷ್ಟೂ ಅದಕ್ಕಾಗಿ ಹೊಡೆದಾಟ ಹೆಚ್ಚಾಯಿತು. ಕೊನೆಗೆ 1867ರ ಲಂಡನ್ ಒಪ್ಪಂದದಲ್ಲಿ ದೊಡ್ಡವರೆಲ್ಲ ಕೂತು, ಈ ಕೋಟೆ ಯಾರಿಗೂ ಬೇಡ, ಒಡೆದುಹಾಕಿ ಎಂದು ತೀರ್ಮಾನಿಸಿದರು. ಒಡೆಯುವುದಕ್ಕೇ 16 ವರ್ಷ ಹಿಡಿಯಿತು. ಸುರಂಗಗಳನ್ನು ಸಿಡಿಸಿದರೆ ಮೇಲಿನ ಊರೇ ಕುಸಿಯುವುದರಿಂದ 17 ಕಿಲೋಮೀಟರ್ ಹಾಗೇ ಉಳಿಯಿತು. ಎರಡು ಮಹಾಯುದ್ಧಗಳಲ್ಲಿ ಬಾಂಬು ಬಿದ್ದಾಗ ಜನ ಅದರೊಳಗೇ ಅಡಗಿದರು.

ನಾವು ಇಳಿದು ನೋಡಿದೆವು. ಒದ್ದೆ ಕಲ್ಲು, ಸುರುಳಿ ಮೆಟ್ಟಿಲು. ಬಂಡೆಯಲ್ಲಿ ಫಿರಂಗಿಗೆಂದು ಕೊರೆದ ಕಿಂಡಿಗಳಲ್ಲಿ ಈಗ ಪ್ರವಾಸಿಗರು ಫೋನು ಹೊರಚಾಚಿ ಫೋಟೋ ತೆಗೆಯುತ್ತಿದ್ದರು. ಮಂಡಿ ನೋವಿನ ನನ್ನ ಹೆಂಡತಿ ಮೇಲೆಯೇ ಬೆಂಚಿನ ಮೇಲೆ ಕೂತಿದ್ದಳು. ಮೊಮ್ಮಗ ಪ್ರತಿ ಕಿಂಡಿಯಿಂದಲೂ ‘ಅಜ್ಜೀ’ ಎಂದು ಕೂಗುತ್ತಿದ್ದ, ಅದು ಎದುರು ಗುಡ್ಡಕ್ಕೆ ತಾಗಿ ಅವಳನ್ನು ಬಿಟ್ಟು ಮಿಕ್ಕೆಲ್ಲರಿಗೂ ಕೇಳುತ್ತಿತ್ತು.

ಹೊರಗೆ ಬಂದು, ದೇಶ ಇಷ್ಟು ಚಿಕ್ಕದಾದದ್ದು ಹೇಗೆ ಎಂಬ ನನ್ನ ಪ್ರಶ್ನೆಗೆ ಮಗಳು ಉತ್ತರ ಹೇಳಿದಳು. ಮೊದಲು ಇದು ಇದರ ನಾಲ್ಕರಷ್ಟು ಇತ್ತಂತೆ. ಮೂರು ಸಲ ಪೋಡಿ ಆಗಿದೆ. 1659ರಲ್ಲಿ ದಕ್ಷಿಣದ ತುಂಡು, ತಿಯೋನ್‌ವಿಲ್ ಸೀಮೆ, ಫ್ರಾನ್ಸಿಗೆ ಹೋಯಿತು. 1815ರಲ್ಲಿ ನೆಪೋಲಿಯನ್ ಬಿದ್ದ ಮೇಲೆ ಈಗಿನ ಗಡಿಯ ಹೊಳೆಗಳ ಪೂರ್ವಕ್ಕಿದ್ದ ಬಿಟ್‌ಬುರ್ಗ್ ಸೀಮೆ ಪ್ರಷ್ಯಕ್ಕೆ. 1839ರಲ್ಲಿ ಪಶ್ಚಿಮದ ದೊಡ್ಡ ಭಾಗ, ಆರ್ಲೋನ್ ಕಡೆಯದು, ಹೊಸದಾಗಿ ಹುಟ್ಟಿದ ಬೆಲ್ಜಿಯಂಗೆ. ಬೆಲ್ಜಿಯಂಗೆ ಹೋದ ಆ ತುಂಡಿನ ಹೆಸರೂ ಲಕ್ಸೆಂಬರ್ಗ್ ಪ್ರಾಂತ್ಯವೇ, ವಿಸ್ತೀರ್ಣದಲ್ಲಿ ಅದು ಉಳಿದ ದೇಶಕ್ಕಿಂತ ದೊಡ್ಡದು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಹೋದ ಮೇಲೆ ಹಳೇ ಮನೆಯಲ್ಲಿ ಉಳಿದ ಕಿರಿಯವನಿಗೆ ಹಟ್ಟಿ, ಹಿತ್ತಿಲು, ಒಂದು ಬಾವಿ ಮಾತ್ರ ದಕ್ಕಿದ ಹಾಗಿದೆ ಲೆಕ್ಕ. ಆದರೆ ಈ ಕಿರಿಯವನಿಗೆ ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣದ ಮೂಲೆಯಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ಅದು ಕರಗುವ ಹೊತ್ತಿಗೆ ಬ್ಯಾಂಕುಗಳು ಬಂದವು. ಈಗ ದಿನಾ ಬೆಳಿಗ್ಗೆ ಆ ತಿಯೋನ್‌ವಿಲ್‌ನಿಂದ, ಆ ಬಿಟ್‌ಬುರ್ಗ್‌ನಿಂದ, ಆ ಆರ್ಲೋನ್‌ನಿಂದ ಜನ ರೈಲು, ಬಸ್ಸು, ಕಾರು ಹಿಡಿದು ಇಲ್ಲಿಗೇ ಕೆಲಸಕ್ಕೆ ಬರುತ್ತಾರೆ. ಪಾಲು ತೆಗೆದುಕೊಂಡು ಹೋದವರ ಮಕ್ಕಳು ಉಳಿದವನ ಮನೆ ಬಾಗಿಲಿಗೆ. ಪೋಡಿ ನಕ್ಷೆಗಳನ್ನು ಅಷ್ಟು ಬರೆದಿದ್ದೇನೆ, ಇಂಥ ಪೋಡಿ ಕಂಡದ್ದಿಲ್ಲ.

ಗಿಯೋಮ್ ಚೌಕದಲ್ಲಿ ಸಂತೆ ಇತ್ತು. ತುರಿದ ಆಲೂಗಡ್ಡೆ, ಈರುಳ್ಳಿ, ಸೊಪ್ಪು ಕಲಸಿ ಎಣ್ಣೆಯಲ್ಲಿ ಕರಿದು ಕೊಡುವ ಚಪ್ಪಟೆ ಬೋಂಡದಂಥದ್ದು ಆ ದೇಶದ ತಿಂಡಿ. ಬಾಣಲೆಯ ಮುಂದೆ ನಿಂತು ಕಂದು ಅಂಚು ಗರಿಗರಿಯಾಗುವುದನ್ನು ನೋಡುತ್ತ ನನ್ನ ಹೆಂಡತಿಯ ಮುಖ ಅರಳಿತು. ‘ಮೊಟ್ಟೆ ಹಾಕ್ತಾರಾ ಕೇಳು’ ಎಂದಳು. ಹಾಕುತ್ತಾರೆ. ಅರಳಿದ ಮುಖ ಮುಚ್ಚಿಕೊಂಡಿತು, ಚಪಾತಿ ಡಬ್ಬಿ ತೆರೆದುಕೊಂಡಿತು. ನಾನು, ಅಳಿಯ, ಮೊಮ್ಮಗ ಸೇಬಿನ ಗೊಜ್ಜು ನಂಚಿಕೊಂಡು ತಿಂದೆವು. ಚಟ್ನಿಪುಡಿ ಅದಕ್ಕೆ ಇನ್ನೂ ಚೆನ್ನ, ಇದು ನನ್ನ ಸ್ವಂತ ಸಂಶೋಧನೆ.

ಅವಳ ಸಿಟ್ಟನ್ನು ಮುಕ್ಕಾಲು ಪಾಲು ಇಳಿಸಿದ್ದು ಬಸ್ಸು. 2020ರ ಫೆಬ್ರವರಿ 29ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮು, ರೈಲು ಎಲ್ಲ ಬಿಟ್ಟಿ. ಊರಿನವರಿಗಷ್ಟೇ ಅಲ್ಲ, ಹೊರಗಿನಿಂದ ಬಂದ ನಮ್ಮಂಥವರಿಗೂ. ರೈಲಿನ ಮೊದಲ ದರ್ಜೆಗೆ ಮಾತ್ರ ದುಡ್ಡು. ಕಾರನ್ನು ಊರಾಚೆ ನಿಲ್ಲಿಸಿ ಬಸ್ಸು ಹತ್ತಿದೆವು. ಕಂಡಕ್ಟರ್ ಇಲ್ಲ, ಚೀಟಿ ಇಲ್ಲ, ಯಂತ್ರಕ್ಕೆ ತೋರಿಸುವ ಕಾರ್ಡೂ ಇಲ್ಲ. ಹತ್ತಿ ಕೂರುವುದು, ಬೇಕಾದಲ್ಲಿ ಇಳಿಯುವುದು. ಅವಳು ಪರ್ಸನ್ನು ಕೈಯಲ್ಲೇ ಹಿಡಿದು ಕೂತಿದ್ದಳು, ಯಾರಾದರೂ ಬಂದು ಕೇಳಿಯೇ ಕೇಳುತ್ತಾರೆ ಎಂದು. ಯಾರೂ ಕೇಳಲಿಲ್ಲ. ಟ್ರಾಮಿನಲ್ಲಿ ಅಡಾಲ್ಫ್ ಸೇತುವೆ ದಾಟುವ ಹೊತ್ತಿಗೆ ಪರ್ಸು ಚೀಲಕ್ಕೆ ಸೇರಿತು. ಆ ಸೇತುವೆ ಮುಗಿದ 1903ರಲ್ಲಿ ಜಗತ್ತಿನಲ್ಲಿ ಅದರಷ್ಟು ಅಗಲದ ಕಲ್ಲಿನ ಕಮಾನು ಇನ್ನೊಂದಿರಲಿಲ್ಲ. ಅದನ್ನು ವಿವರಿಸಲು ಹೋದೆ. ಅವಳ ಮನಸ್ಸು ಬೇರೆಲ್ಲೋ ಇತ್ತು. ‘ನಮ್ಮಲ್ಲೂ ಬಂತಲ್ಲ ರೀ’ ಎಂದಳು.

ಬಂದಿತ್ತು. ನಾವು ಟ್ರಿಯರ್‌ನಲ್ಲಿದ್ದಾಗಲೇ, ಜೂನ್ 11ಕ್ಕೆ, ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣದ ಶಕ್ತಿ ಯೋಜನೆ ಶುರುವಾಗಿತ್ತು. ಅವಳ ತಂಗಿ ಧರ್ಮಸ್ಥಳದ ಸಾಲಿನಿಂದ ವಿಡಿಯೋ ಕರೆ ಮಾಡಿ, ಹಿಂದಿನ ಜನಜಂಗುಳಿ ತೋರಿಸಿ, ‘ಅಕ್ಕಾ, ನೀನು ದುಡ್ಡು ಕೊಟ್ಟು ಅಷ್ಟು ದೂರ ಹೋದೆ’ ಎಂದು ರೇಗಿಸಿದ್ದಳು. ನಮ್ಮಲ್ಲಿ ಸೊನ್ನೆ ರೂಪಾಯಿಯದಾದರೂ ಒಂದು ಚೀಟಿ ಹರಿದು ಕೊಡುತ್ತಾರೆ, ಗುರುತಿನ ಚೀಟಿ ನೋಡುತ್ತಾರೆ. ಇಲ್ಲಿ ಅದೂ ಇಲ್ಲ. ನಮ್ಮ ಯೋಜನೆಯಿಂದ ಮನೆಯೊಳಗಿದ್ದ ಹೆಂಗಸರು ಹೊರಬಿದ್ದರು. ಲಕ್ಸೆಂಬರ್ಗ್‌ನವರ ತಾಪತ್ರಯ ಬೇರೆ: ಮನೆಗೆ ಎರಡು ಮೂರು ಕಾರು ಇಟ್ಟುಕೊಂಡವರನ್ನು ಕಾರಿನಿಂದ ಇಳಿಸಬೇಕಾಗಿತ್ತು. ಯುರೋಪಿನಲ್ಲಿ ತಲೆವಾರು ಕಾರು ಅತಿ ಹೆಚ್ಚಿರುವ ದೇಶಗಳಲ್ಲಿ ಅದೊಂದು. ಸಂಜೆ ಐದರ ಹೊತ್ತಿಗೆ ಹೆದ್ದಾರಿಯಲ್ಲಿ ನಿಂತ ಸಾಲು ನೋಡಿದ ನನಗೆ ಅವರು ಇಳಿದಂತೆ ಕಾಣಲಿಲ್ಲ. ಬಿಟ್ಟಿ ರೈಲಿನ ಪೂರ್ತಿ ಲಾಭ ಪಡೆದವರು ಮಗಳ ಸಹೋದ್ಯೋಗಿಗಳು. ಟ್ರಿಯರ್‌ನಿಂದಲೇ ರೈಲು ಹತ್ತಿದರೆ ಗಡಿಯವರೆಗೆ ಟಿಕೆಟ್ ಬೇಕು. ಆದ್ದರಿಂದ ವಾಸರ್‌ಬಿಲಿಗ್‌ವರೆಗೆ ಕಾರಿನಲ್ಲಿ ಬಂದು, ನಿಲ್ದಾಣದ ಪಕ್ಕ ಕಾರು ಬಿಟ್ಟು, ಅಲ್ಲಿಂದ ಪುಕ್ಕಟೆ ಹೋಗುತ್ತಾರೆ. ಗಡಿ ಇಲ್ಲ ಎನ್ನುವ ಜಾಗದಲ್ಲಿ ಎಲ್ಲರಿಗೂ ಗಡಿ ಎಲ್ಲಿದೆ ಎಂದು ಮೀಟರು ಲೆಕ್ಕದಲ್ಲಿ ಗೊತ್ತು.

ಮರುದಿನ ವಿಯಾಂಡೆನ್. ಔರ್ ಹೊಳೆಯ ಮೇಲಿನ ಬೆಟ್ಟದಲ್ಲಿ ದೊಡ್ಡ ಕೋಟೆ, ಕೆಳಗೆ ಒಂದೇ ಬೀದಿಯ ಊರು. ವಿಕ್ಟರ್ ಹ್ಯೂಗೊ 1871ರಲ್ಲಿ ದೇಶಭ್ರಷ್ಟನಾಗಿ ಬಂದು ಸೇತುವೆ ಬದಿಯ ಮನೆಯಲ್ಲಿ ಕೆಲವು ತಿಂಗಳು ಇದ್ದ. ನನಗೆ ಹಿಡಿಸಿದ್ದು ಕೋಟೆಯ ಹರಾಜಿನ ಕಥೆ. 1820ರಲ್ಲಿ ಆಗಿನ ದೊರೆ ಮೊದಲನೇ ವಿಲಿಯಂ ಈ ಕೋಟೆಯನ್ನು ಅಲ್ಲಿನ ಒಬ್ಬ ವ್ಯಾಪಾರಿಗೆ ಮಾರಿದ. ಅವನು ಚಾವಣಿಯ ಹೆಂಚು, ತೊಲೆ, ಬಾಗಿಲು, ಕಿಟಕಿ ಎಲ್ಲವನ್ನೂ ಬಿಡಿಬಿಡಿಯಾಗಿ ಮಾರಿ ಅಸಲು ಎತ್ತಿದ. ಉಳಿದದ್ದು ಬರೀ ಗೋಡೆ. ಹ್ಯೂಗೊ ನೋಡಿ ಮರುಗಿದ್ದು ಆ ಹಾಳನ್ನು. 1977ರಲ್ಲಿ ಸರ್ಕಾರದ ವಶಕ್ಕೆ ಬಂದ ಮೇಲೆ ಮತ್ತೆ ಚಾವಣಿ ಹೊದಿಸಿ, ಈಗ ಎಷ್ಟು ಚೊಕ್ಕಟವಾಗಿದೆ ಎಂದರೆ ನಿನ್ನೆ ಕಟ್ಟಿದಂತಿದೆ. ನನಗಂತೂ ಸ್ವಲ್ಪ ಹಾಳಾಗಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. ಚಿತ್ರದುರ್ಗ ನೋಡಿದ ಕಣ್ಣಿನ ದೋಷ ಇರಬಹುದು.

ಅಲ್ಲಿಂದ ದೇಶದ ಆಗ್ನೇಯ ಮೂಲೆಗೆ ಇಳಿದೆವು. ಷೆಂಗೆನ್. ಪಾಸ್‌ಪೋರ್ಟಿನಲ್ಲಿರುವ ಊರನ್ನು ನೋಡದೆ ಹೋಗುವುದು ಹೇಗೆ ಎಂದು ನಾನೇ ಹಟ ಹಿಡಿದಿದ್ದೆ. ಕೆಲವು ನೂರು ಜನರ ಹಳ್ಳಿ. ಒಂದು ಕಡೆ ದ್ರಾಕ್ಷಿ ಗುಡ್ಡ, ಇನ್ನೊಂದು ಕಡೆ ಮೊಸೆಲ್. ಒಂದು ಹಳೇ ಕೋಟೆಮನೆ, ಅದರ ಗೋಪುರದ ಚಿತ್ರವನ್ನೂ ಹ್ಯೂಗೊ ಬರೆದಿದ್ದಾನಂತೆ. ಸೇತುವೆಯಾಚೆ ಜರ್ಮನಿಯ ಪೆರ್ಲ್, ಅದೇ ದಂಡೆಯಲ್ಲಿ ಸ್ವಲ್ಪ ಮೇಲಕ್ಕೆ ಫ್ರಾನ್ಸಿನ ಆಪಾಕ್. ಊರಿಗೆ ರೈಲೂ ಇಲ್ಲ, ನಿಲ್ದಾಣ ಇರುವುದು ಪೆರ್ಲ್‌ನಲ್ಲಿ. ಭಾನುವಾರದ ಮಧ್ಯಾಹ್ನ, ದಂಡೆಯ ಹುಲ್ಲಿನ ಮೇಲೆ ನಾಲ್ಕಾರು ಸಂಸಾರಗಳು, ಮೋಟಾರ್ ಸೈಕಲ್ ನಿಲ್ಲಿಸಿ ಐಸ್‌ಕ್ರೀಂ ತಿನ್ನುತ್ತಿದ್ದ ಮುದುಕರು.

ಈ ಹಳ್ಳಿಯ ಹೆಸರು ವೀಸಾಕ್ಕೆ ಬಂದದ್ದು ಹೀಗೆ. 1984ರ ಚಳಿಗಾಲದಲ್ಲಿ ಗಡಿಗಳಲ್ಲಿ ಸುಂಕದವರ ಮುಷ್ಕರದಿಂದ ಲಾರಿಗಳು ಮೈಲಿಗಟ್ಟಲೆ ನಿಂತವು. ರೇಗಿದ ಚಾಲಕರು ರಸ್ತೆಗಳನ್ನೇ ಬಂದ್ ಮಾಡಿದರು. ಅದರ ಬಿಸಿಗೆ ಫ್ರಾನ್ಸೂ ಜರ್ಮನಿಯೂ ಆ ಜುಲೈನಲ್ಲಿ ತಮ್ಮ ನಡುವಿನ ತಪಾಸಣೆ ಸಡಿಲಿಸಿದವು. ಪಕ್ಕದ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸೇರಿಕೊಂಡವು. ತಮ್ಮ ನಡುವಿನ ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಐದೂ ದೇಶ ಸಹಿ ಮಾಡಲು ಒಂದು ಜಾಗ ಬೇಕಿತ್ತು. ಲಕ್ಸೆಂಬರ್ಗ್‌ನ ಕಿರಿಯ ಸಚಿವ ರಾಬರ್ಟ್ ಗೋಬೆಲ್ಸ್ ಮೂರು ದೇಶ ಕೂಡುವ ಈ ಹಳ್ಳಿಯನ್ನು ಆರಿಸಿದ. 1985ರ ಜೂನ್ 14ರಂದು ‘ಪ್ರಿನ್ಸೆಸ್ ಮರಿ-ಆಸ್ಟ್ರಿಡ್’ ಎಂಬ ವಿಹಾರದ ಹಡಗಿನಲ್ಲಿ ಸಹಿಯಾಯಿತು. ಪ್ರಧಾನಿಗಳು ಯಾರೂ ಬರಲಿಲ್ಲ, ಬಂದವರು ಕಿರಿಯ ಮಂತ್ರಿಗಳು, ಕಾರ್ಯದರ್ಶಿಗಳು. ದೊಡ್ಡ ಸುದ್ದಿಯೂ ಆಗಲಿಲ್ಲ. ಜಾರಿಗೆ ಬರಲು ಇನ್ನೂ ಹತ್ತು ವರ್ಷ, 1995ರ ಮಾರ್ಚ್ 26ರವರೆಗೆ ಕಾಯಬೇಕಾಯಿತು. ನಾವು ಹೋದ ವರ್ಷಕ್ಕೆ ದೇಶಗಳು 27 ಆಗಿದ್ದವು.

ಹಡಗು ಅಲ್ಲಿರಲಿಲ್ಲ. ದಂಡೆಯಲ್ಲಿ ಮೂರು ಉಕ್ಕಿನ ಕಂಬ, ಅವುಗಳ ಮೈಮೇಲೆ ಒಂದೊಂದು ದೇಶಕ್ಕೂ ಒಂದೊಂದು ನಕ್ಷತ್ರ. ಪಕ್ಕದಲ್ಲಿ ಸಣ್ಣ ಮ್ಯೂಸಿಯಂ, ಅದಕ್ಕೂ ಪ್ರವೇಶ ಬಿಟ್ಟಿ. ಒಳಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಟೋಪಿಗಳು. ಗಡಿಯಲ್ಲಿ ನಿಂತು ಕಾಗದ ಕೇಳುತ್ತಿದ್ದ ಬೇರೆಬೇರೆ ದೇಶಗಳ ಸಿಬ್ಬಂದಿಯ ಟೋಪಿಗಳನ್ನು ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದರು. ಗಟ್ಟಿ ಅಂಚು, ಹಿತ್ತಾಳೆಯ ಲಾಂಛನ, ಹಣೆಯ ಮೇಲೆ ಬರುವ ಕರಿಯ ಪಟ್ಟಿ. ಟೋಪಿ ಹಾಕಿದ ಸರ್ಕಾರಿ ನೌಕರನ ಮುಂದೆ ನಿಂತಾಗ ಹೊಟ್ಟೆಯೊಳಗೆ ಏನೋ ಆಗುತ್ತದಲ್ಲ, ಖಾಲಿ ಟೋಪಿಗಳ ಮುಂದೆಯೂ ಅದು ತುಸು ಆಯಿತು. ಮೊಮ್ಮಗನಿಗೆ ಒಂದನ್ನು ಹಾಕಿಕೊಳ್ಳುವ ಆಸೆ. ‘ಇವರೆಲ್ಲ ಎಲ್ಲಿಗೆ ಹೋದ್ರು ತಾತ?’ ಎಂದ. ಬೆಂಗಳೂರಿಗೆ ಹೋಗಿದ್ದಾರೆ ಮಗು, ಟೋಪಿ ತೆಗೆದು ಕೌಂಟರಿನ ಹಿಂದೆ ಕೂತಿದ್ದಾರೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಹೊರಗೆ ಬಂದು ಸೇತುವೆಯ ಮೇಲೆ ನಡೆದೆ. ಗಡಿ ಹೊಳೆಯ ನಡುವೆ ಇರಬೇಕು, ಸೇತುವೆಯ ಮಧ್ಯದಲ್ಲಿ ಒಂದು ಗುರುತಾದರೂ ಇರುತ್ತದೆ ಎಂದು ಹುಡುಕುತ್ತಿದ್ದೆ. ಒಂದು ಬಾಂದುಕಲ್ಲು, ಒಂದು ಹಿತ್ತಾಳೆ ಮೊಳೆ, ಕಡೆಗೆ ಬಣ್ಣದ ಗೆರೆ. ಅಳಿಯ ಫೋನಿನಲ್ಲಿ ಓದಿ ಹೇಳಿದ್ದನ್ನು ಮೊದಲು ನಾನು ನಂಬಲಿಲ್ಲ. ಹೊಳೆಯಲ್ಲಿ ಗೆರೆಯೇ ಇಲ್ಲ. 1816ರ ಒಪ್ಪಂದದಲ್ಲಿ ಮೊಸೆಲ್, ಸೌವರ್, ಔರ್ ಈ ಮೂರೂ ಹೊಳೆಗಳು ಗಡಿಯಾಗಿ ಹರಿಯುವಷ್ಟು ದೂರವೂ ಎರಡೂ ಕಡೆಯವರ ಜಂಟಿ ಸ್ವತ್ತು ಎಂದು ಬರೆದುಕೊಂಡರು. ಈ ದಂಡೆಯಿಂದ ಆ ದಂಡೆಯವರೆಗೆ ನೀರೆಲ್ಲ ಇಬ್ಬರದ್ದೂ. ಅರ್ಧ ನಿನ್ನದು, ಅರ್ಧ ನನ್ನದು ಎಂದಲ್ಲ. ಪೂರ್ತಿ ನಿನ್ನದು, ಪೂರ್ತಿ ನನ್ನದು. ಮೀನು ಹಿಡಿಯುವ ಪರವಾನಗಿಗೂ ಎರಡೂ ಕಡೆಗೆ ಒಂದೇ ಕಟ್ಟಳೆ. ಆಮೇಲೆ ಎರಡು ಮಹಾಯುದ್ಧ ಆಗಿಹೋಯಿತು, ಜರ್ಮನ್ ಸೇನೆ ಎರಡು ಸಲ ಈ ದೇಶವನ್ನು ಆಕ್ರಮಿಸಿತು, ಹೊಳೆಯ ಖಾತೆ ಮಾತ್ರ ಬದಲಾಗದೆ ಹಾಗೇ ಇದೆ.

ನಾನು ಕಂಬಿ ಹಿಡಿದು ನಿಂತೆ. ನಮ್ಮಲ್ಲಿ 33 ಅಡಿಯ ಸರಪಳಿಗೆ 16 ಆಣೆ. ಒಂದು ಆಣೆ ಆಚೀಚೆ ಆದರೆ ಅಣ್ಣತಮ್ಮಂದಿರು ಮಚ್ಚು ಹಿಡಿದದ್ದನ್ನು ಕಂಡವನು ನಾನು. ಹದ್ದುಬಸ್ತಿಗೆ ಹೋದಾಗ ಬದುವಿನ ಮೇಲೊಂದು ತೆಂಗಿನಮರ ಇದ್ದುಬಿಟ್ಟರೆ ಆ ದಿನ ಊಟವಿಲ್ಲ. ಬುಡ ಇವನ ಕಡೆ, ತಲೆ ವಾಲಿರುವುದು ಅವನ ಕಡೆ, ಕಾಯಿ ಯಾರದು? ತುರುವೇಕೆರೆ ಕಡೆ ಒಂದು ಹಳ್ಳಿಯಲ್ಲಿ ಅಂಥ ಮರವನ್ನು ಕೊನೆಗೆ ಕಡಿಸಿಯೇ ರಾಜಿ ಮಾಡಿದರು. ಕಡಿದ ಮೇಲೆ ಬೊಡ್ಡೆಯ ಸೌದೆ ಯಾರದು ಎಂದು ಮತ್ತೆ ಶುರುವಾಯಿತು. ಪಹಣಿಯಲ್ಲಿ ಜಂಟಿ ಖಾತೆ ಎಂದು ಕಂಡರೆ ಇನ್ನೈದು ವರ್ಷದಲ್ಲಿ ಕೋರ್ಟಿಗೆ ಹೋಗುತ್ತದೆ ಎಂದು ನಾವು ಗುಮಾಸ್ತರು ಪಂದ್ಯ ಕಟ್ಟುತ್ತಿದ್ದೆವು. ಇಲ್ಲಿ ಎರಡು ದೇಶಗಳ ಜಂಟಿ ಖಾತೆ ಇನ್ನೂರು ವರ್ಷ ದಾಟಿ ನಡೆದಿದೆ. ದೊಡ್ಡತನ ಎನ್ನಲಾರೆ. ನೀರಿನಲ್ಲಿ ತೆಂಗಿನಮರ ಬೆಳೆಯುವುದಿಲ್ಲ, ಅದೂ ಒಂದು ಕಾರಣ ಇದ್ದೀತು.

ಅಷ್ಟರಲ್ಲಿ ನನ್ನ ಹೆಂಡತಿ ನಿಧಾನಕ್ಕೆ ನಡೆದು ಬಂದಳು. ‘ಈಗ ನಾವು ಯಾವ ದೇಶದಲ್ಲಿದ್ದೀವಿ?’ ಎಂದಳು. ಎರಡರಲ್ಲೂ ಎಂದೆ. ‘ಹಾಗಾದ್ರೆ ಪ್ಯಾರಿಸ್ಸಿಗೆ ಯಾವ ಕಡೆ?’ ಎಂದಳು. ಆಪಾಕ್ ಕಡೆಗೆ ಕೈ ತೋರಿಸಿದೆ. ಫ್ರಾನ್ಸನ್ನು ನೋಡಿದಂತಾಯಿತು ಎಂದು ಆಕೆ ಊರಲ್ಲಿ ಈಗಲೂ ಹೇಳುತ್ತಾಳೆ, ಅದು ಸುಳ್ಳೇನಲ್ಲ.

ಆ ಸೇತುವೆಗೂ ಕೆಟ್ಟ ದಿನಗಳು ಬಂದಿದ್ದವು ಎಂದು ಮಗಳು ವಾಪಸು ದಾರಿಯಲ್ಲಿ ಹೇಳಿದಳು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಜರ್ಮನಿ ರಾತ್ರೋರಾತ್ರಿ ಗಡಿಗೆ ಪೊಲೀಸರನ್ನು ಕಳಿಸಿತು, ಕೆಲವು ಸಣ್ಣ ಸೇತುವೆಗಳನ್ನು ಮುಚ್ಚಿತು. ಮೇ ಮಧ್ಯದವರೆಗೆ ಅವಳು ಕೆಲಸದ ಜಾಗದ ಪತ್ರ ತೋರಿಸಿ ದಾಟುತ್ತಿದ್ದಳು. ‘ಆಗ ನಂಗೆ ಗೊತ್ತಾಯ್ತು ಅಪ್ಪ, ನಾನು ಇಷ್ಟು ದಿನ ದಾಟ್ತಾ ಇದ್ದದ್ದು ಗಡಿ ಅಂತ.’

ನಾವು ಊರಿಗೆ ಬಂದ ಮರುವರ್ಷ, 2024ರ ಸೆಪ್ಟೆಂಬರ್ 16ರಿಂದ, ಜರ್ಮನಿ ತನ್ನ ಎಲ್ಲ ನೆಲದ ಗಡಿಗಳಲ್ಲೂ ಮತ್ತೆ ತಪಾಸಣೆ ಶುರು ಮಾಡಿತು, ವಲಸಿಗರನ್ನು ತಡೆಯಲು. ಲಕ್ಸೆಂಬರ್ಗ್ ಗೊಣಗಿತು, ಪ್ರಯೋಜನವಾಗಲಿಲ್ಲ. ಸಂಜೆ ವಾಪಸು ಬರುವಾಗ ಹೆದ್ದಾರಿಯ ಸೇತುವೆಯ ಹತ್ತಿರ ಕಾರುಗಳು ಒಂದೇ ಸಾಲಿಗೆ ಇಳಿಯುತ್ತವೆ. ಪೊಲೀಸರು ಎಲ್ಲರನ್ನೂ ನಿಲ್ಲಿಸುವುದಿಲ್ಲ. ನನ್ನ ಮಗಳ ಕಾರನ್ನು ಎಷ್ಟು ಸಲ ನಿಲ್ಲಿಸಿದರು, ಪಕ್ಕದ ಬಿಳಿಯರ ಕಾರನ್ನು ಎಷ್ಟು ಸಲ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹಾಗಾದರೆ ಮನೆಯಿಂದಲೇ ಕೆಲಸ ಮಾಡು ಎಂದೆ. ಅಲ್ಲಿಯೂ ಗಡಿ. ಜರ್ಮನಿಯಲ್ಲಿ ವಾಸವಿದ್ದು ಲಕ್ಸೆಂಬರ್ಗ್‌ನಲ್ಲಿ ದುಡಿಯುವವರು 2024ರಿಂದ ವರ್ಷಕ್ಕೆ 34 ದಿನ ಮಾತ್ರ ಹೊರಗಿನಿಂದ ಕೆಲಸ ಮಾಡಬಹುದು. ಅದು ದಾಟಿದರೆ ಹೊರಗೆ ದುಡಿದ ದಿನಗಳ ತೆರಿಗೆ ಜರ್ಮನಿಯ ಪಾಲು. ಮುಂಚೆ 19 ದಿನ ಇತ್ತಂತೆ. ಒಂದು ದಿನದಲ್ಲಿ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸವಾದರೆ ಅದನ್ನು ದಿನ ಎಂದು ಎಣಿಸುವುದಿಲ್ಲ, ಇದೂ ಒಪ್ಪಂದದಲ್ಲೇ ಬರೆದಿದೆ. ಹೊಳೆಯ ಮೇಲೆ ಎಳೆಯದೆ ಬಿಟ್ಟ ಗೆರೆಯನ್ನು ತಂದು ಮಗಳ ಊಟದ ಮೇಜಿನ ಮೇಲೆ ಎಳೆದಿದ್ದಾರೆ. ಅವಳು ಒಂದು ಡೈರಿ ಇಟ್ಟಿದ್ದಾಳೆ, ಯಾವ ತಾರೀಖು ಯಾವ ದೇಶದಲ್ಲಿ ಕೂತಿದ್ದೆ ಎಂದು ಬರೆಯಲು. ನನ್ನ ಹಳೆಯ ಫೀಲ್ಡ್‌ಬುಕ್ಕಿಗಿಂತ ನೀಟಾಗಿದೆ.

ಅವಳ ಅಮ್ಮ ಈ ಕಾನೂನನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಾಳೆ. ಸಂಜೆಯ ವಿಡಿಯೋ ಕರೆಯಲ್ಲಿ ಮಗಳು ಮಾತಾಡುತ್ತ ಮಾತಾಡುತ್ತ ಆಫೀಸಿನ ಮೇಲ್‌ಗೆ ಉತ್ತರ ಕುಟ್ಟುವುದು ಕಿವಿಗೆ ಬಿದ್ದರೆ ಸಾಕು, ಗೋಡೆ ಗಡಿಯಾರದ ಕಡೆ ನೋಡಿ, ‘ಸಾಕು ನಿಲ್ಸೇ, ಇಪ್ಪತ್ತೈದು ನಿಮಿಷ ಆಯ್ತು’ ಎನ್ನುತ್ತಾಳೆ.